ಪಿಸ್ತೂಲಿನಲ್ಲಿ ಕಾಡತೂಸು ಸಿಕ್ಕಿಕೊಳ್ಳುವುದೇಕೆ?

ಉಡುಪಿ ಜಿಲ್ಲೆಯ ಅಡಿಕೆ ತೋಟಗಳಲ್ಲಿ ಮಂಗ, ಹಂದಿಗಳ ಕಾಟಕ್ಕೆಂದು ಪರವಾನಗಿ ಪಡೆದು ಕೋವಿ ಇಟ್ಟುಕೊಂಡವರಿಗೆ ಕಾಡತೂಸು ಸಿಕ್ಕಿಕೊಳ್ಳುವ ತೊಂದರೆ ಅಷ್ಟಾಗಿ ಪರಿಚಯವಿಲ್ಲ. ಮಡಚುವ ಕೋವಿಗೆ ಕಾಡತೂಸು ತುಂಬುವುದು ಬೆರಳು. ಓರೆಯಾದರೆ, ಅಡ್ಡ ಸಿಕ್ಕಿದರೆ ಬೆರಳಿಗೆ ತಿಳಿಯುತ್ತದೆ. ಅರೆ ಸ್ವಯಂಚಾಲಿತ ಪಿಸ್ತೂಲಿನಲ್ಲಿ ಅದೇ ಕೆಲಸವನ್ನು ಎರಡು ಸ್ಪ್ರಿಂಗುಗಳು ಕುರುಡಾಗಿ ಮಾಡಬೇಕು. ಒಂದು ಮ್ಯಾಗಜೀನಿನದು, ಅಂದರೆ ಕಾಡತೂಸುಗಳನ್ನು ಜೋಡಿಸಿಡುವ ಪೆಟ್ಟಿಗೆಯದು. ಇನ್ನೊಂದು ಸ್ಲೈಡಿನದು, ಅಂದರೆ ಪಿಸ್ತೂಲಿನ ಮೇಲ್ಭಾಗದಲ್ಲಿ ಹಿಂದೆ ಮುಂದೆ ಸರಿಯುವ ಲೋಹದ ಭಾಗದ್ದು.

ನಮ್ಮ ದೇಶದಲ್ಲಿ 9 ಮಿಲಿಮೀಟರ್ ಪಿಸ್ತೂಲು ನಿಷೇಧಿತ ಬೋರ್ (ನಳಿಗೆಯ ಒಳವ್ಯಾಸದ ಅಳತೆ) ಆಗಿರುವುದರಿಂದ ಜನಸಾಮಾನ್ಯರ ಪರವಾನಗಿಗೆ ಹೆಚ್ಚಾಗಿ ಸಿಗುವುದು .32 ಬೋರ್. ಇದರ ಕಾಡತೂಸನ್ನು ಜಾನ್ ಬ್ರೌನಿಂಗ್ 1899ರಲ್ಲಿ ರೂಪಿಸಿದರು. ಸುಮಾರು 4.6 ಗ್ರಾಂ ತೂಕದ ಗುಂಡು ಸೆಕೆಂಡಿಗೆ 275 ಮೀಟರ್‌ನಷ್ಟು ವೇಗದಲ್ಲಿ ಮುಂದಕ್ಕೆ ಹೊರಟಾಗ, ಅಷ್ಟೇ ಸಂವೇಗ ಸ್ಲೈಡನ್ನು ಹಿಂದಕ್ಕೆ ತಳ್ಳುತ್ತದೆ. ಸ್ಲೈಡಿನ ತೂಕ 300 ಗ್ರಾಂ ಎಂದಿಟ್ಟುಕೊಂಡರೆ ಅದರ ವೇಗ ಸೆಕೆಂಡಿಗೆ ನಾಲ್ಕು ಮೀಟರ್ ದಾಟುತ್ತದೆ. ಸ್ಲೈಡ್ ಹಿಂದಕ್ಕೆ ಸರಿದು ಮರಳಿ ಬರುವಷ್ಟರಲ್ಲಿ ಮ್ಯಾಗಜೀನಿನ ಸ್ಪ್ರಿಂಗ್ ಮುಂದಿನ ಕಾಡತೂಸನ್ನು ಮೇಲೆತ್ತಿ ನಿಲ್ಲಿಸಿರಬೇಕು. ಅದಕ್ಕೆ ಸಿಗುವ ಅವಧಿ ಸೆಕೆಂಡಿನ ಸಣ್ಣದೊಂದು ಅಂಶ. ಸ್ಪ್ರಿಂಗ್ ತಡಮಾಡಿದರೆ ಸ್ಲೈಡ್ ಕಾಡತೂಸಿನ ಮೇಲಿನಿಂದಲೇ ಹಾದು ಖಾಲಿ ಚೇಂಬರಿನ (ನಳಿಗೆಯ ಹಿಂತುದಿಯಲ್ಲಿ ಕಾಡತೂಸು ಕೂರುವ ಗೂಡು) ಮೇಲೆ ಮುಚ್ಚಿಕೊಳ್ಳುತ್ತದೆ. ಹಿಡಿದವರ ಮಣಿಕಟ್ಟು ಸಡಿಲವಾಗಿದ್ದರೂ ಪಿಸ್ತೂಲಿನ ಮೈಯೂ ಜೊತೆಗೆ ಹಿಂದೆ ಸರಿಯುವುದರಿಂದ ಸ್ಲೈಡಿನ ಓಟ ಪೂರ್ಣಗೊಳ್ಳುವುದಿಲ್ಲ.

ಆದ್ದರಿಂದ ದೋಷವನ್ನು ಮೊದಲು ಹುಡುಕಬೇಕಾದದ್ದು ಮ್ಯಾಗಜೀನಿನಲ್ಲಿ. ಹುಕ್‌ನ ನಿಯಮದಂತೆ ಸ್ಪ್ರಿಂಗ್ ಒತ್ತಿದಷ್ಟೂ ಬಲ ಹೆಚ್ಚು. ಕೊನೆಯ ಕಾಡತೂಸಿನ ಹೊತ್ತಿಗೆ ಆ ಬಲ ಅತ್ಯಂತ ಕಡಿಮೆಯಾಗಿರುತ್ತದೆ. ಪದೇ ಪದೇ ಕೊನೆಯದೇ ಸಿಕ್ಕಿಕೊಂಡರೆ ಸ್ಪ್ರಿಂಗ್ ಸೋತಿರುವ ಸಾಧ್ಯತೆಯಿದೆ. ತುಂಬಿಟ್ಟರೆ ಸ್ಪ್ರಿಂಗ್ ಹಾಳಾಗುತ್ತದೆ ಎಂಬ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಒಳ್ಳೆಯ ಉಕ್ಕಿನ ಸ್ಪ್ರಿಂಗನ್ನು ಹೆಚ್ಚು ದಣಿಸುವುದು ಸಾವಿರಾರು ಸಲ ಒತ್ತಿ ಬಿಡುವ ಕ್ರಿಯೆ ಮತ್ತು ಮಿತಿ ಮೀರಿದ ಒತ್ತಡ.

.32ಕ್ಕೆ ತನ್ನದೇ ಆದ ಇನ್ನೊಂದು ತೊಡಕಿದೆ. ಇದರ ಹಿತ್ತಾಳೆ ಕೋಶದ ಬುಡದಲ್ಲಿರುವ ಅಂಚು ಕೋಶದ ಮೈಗಿಂತ ಸುತ್ತಲೂ ಕಾಲು ಮಿಲಿಮೀಟರ್‌ನಷ್ಟು ಹೊರಚಾಚಿರುತ್ತದೆ. ಮ್ಯಾಗಜೀನಿನೊಳಗೆ ಮೇಲಿನ ಕಾಡತೂಸಿನ ಅಂಚು ಕೆಳಗಿನದರ ಅಂಚಿಗಿಂತ ಮುಂದಿರಬೇಕು. ಅದು ಜಾರಿ ಹಿಂದೆ ಬಿದ್ದರೆ, ಸ್ಲೈಡ್ ಮೇಲಿನದನ್ನು ಮುಂದಕ್ಕೆ ತಳ್ಳಿದಾಗ ಎರಡು ಅಂಚುಗಳೂ ಒಂದಕ್ಕೊಂದು ಕೊಕ್ಕೆಯಂತೆ ಕಚ್ಚಿಕೊಳ್ಳುತ್ತವೆ. ಮೊಂಡುಮೂತಿಯ ಗಿಡ್ಡ ಗುಂಡುಗಳಿದ್ದರೆ ಮ್ಯಾಗಜೀನಿನ ಮುಂಭಾಗದಲ್ಲಿ ಜಾಗ ಉಳಿದು ಕಾಡತೂಸುಗಳು ಹಿಂದೆ ಮುಂದೆ ಸರಿದಾಡುವುದರಿಂದ ಈ ಅಪಾಯ ಹೆಚ್ಚು. ಎಣ್ಣೆ ಹಾಕಿದರೆ ಇದು ಸರಿಹೋಗದು. ತುಂಬುವಾಗಿನ ಕ್ರಮ ಮತ್ತು ಆ ಪಿಸ್ತೂಲಿಗೆ ಒಪ್ಪುವ ಉದ್ದದ ಕಾಡತೂಸು ಮಾತ್ರ ಇದಕ್ಕೆ ಪರಿಹಾರ.

ಕರಾವಳಿಯ ಗಾಳಿಯ ಪಾಲು ಬೇರೆಯೇ ಇದೆ. ಗಾಳಿಯ ಆರ್ದ್ರತೆ ಶೇಕಡಾ 75 ದಾಟಿದರೆ ಉಪ್ಪಿನ ಕಣ ತಾನೇ ನೀರೆಳೆದುಕೊಂಡು ಕರಗುತ್ತದೆ. ಮಲ್ಪೆಯಲ್ಲಾಗಲಿ ಪಣಂಬೂರಿನಲ್ಲಾಗಲಿ ಮಳೆಗಾಲದುದ್ದಕ್ಕೂ ಆರ್ದ್ರತೆ ಆ ಮಟ್ಟದ ಮೇಲೆಯೇ ಇರುತ್ತದೆ. ಹಾಗೆ ಕರಗಿದ ಉಪ್ಪು ಮ್ಯಾಗಜೀನಿನ ಒಳಗೋಡೆಗೆ ತುಕ್ಕು ಹಿಡಿಸಿ ಒರಟಾಗಿಸಿದರೆ ಸ್ಪ್ರಿಂಗಿನ ಬಲದ ಒಂದು ಪಾಲು ಘರ್ಷಣೆಗೇ ಹೋಗುತ್ತದೆ. ಚುನಾವಣೆಗೆಂದು ಠಾಣೆಯಲ್ಲಿ ಒಪ್ಪಿಸಿದ ಪಿಸ್ತೂಲು ಮನೆಗೆ ಮರಳಿದ ದಿನವೇ, ಮ್ಯಾಗಜೀನ್ ತೆಗೆದು, ಚೇಂಬರ್ ಖಾಲಿಯಿದೆಯೆಂದು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತಪಡಿಸಿಕೊಂಡು, ಒಣಬಟ್ಟೆಯಿಂದ ಒರೆಸಬೇಕು. ಸ್ಲೈಡಿನ ಹಳಿಗಳಿಗೆ ತೆಳುವಾದ ಎಣ್ಣೆ ಸಾಕು. ಮ್ಯಾಗಜೀನಿನೊಳಗೆ ಜಿಡ್ಡು ನಿಲ್ಲಬಾರದು. ಅದು ಮಸಿ, ಧೂಳುಗಳನ್ನು ಹಿಡಿದು ಅಂಟಾಗುತ್ತದೆ.

ಮನೆಯ ಕೆಲಸ ಅಲ್ಲಿಗೆ ನಿಲ್ಲಬೇಕು. ಕಾಡತೂಸು ಚೇಂಬರಿಗೆ ಏರುವ ಇಳಿಜಾರನ್ನು ಅರದಿಂದ ಉಜ್ಜಿ ನುಣುಪಾಗಿಸಲು ಹೊರಟವರು ಅದರ ಕೋನವನ್ನೇ ಕೆಡಿಸುತ್ತಾರೆ. ಹೆಚ್ಚು ಉಜ್ಜಿದರೆ ಕೋಶದ ಬುಡಕ್ಕೆ ಆಸರೆ ತಪ್ಪಿ, ಒತ್ತಡಕ್ಕೆ ಅದು ಹಿಡಿದವರ ಕೈಯಲ್ಲೇ ಒಡೆಯಬಹುದು. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಬಂದೂಕಿನ ದುರಸ್ತಿಗೂ ಪ್ರತ್ಯೇಕ ಪರವಾನಗಿ ಬೇಕು. ಮಾಲೀಕರು ತಮ್ಮ ಮ್ಯಾಗಜೀನುಗಳಿಗೆ ಒಂದು, ಎರಡು ಎಂದು ಗುರುತು ಹಾಕಿ, ಯಾವುದರಲ್ಲಿ, ಎಷ್ಟನೆಯ ಕಾಡತೂಸು ಸಿಕ್ಕಿಕೊಂಡಿತು ಎಂದು ಬರೆದಿಟ್ಟುಕೊಳ್ಳಲಿ. ಪರವಾನಗಿ ಇರುವ ದುರಸ್ತಿಗಾರನಿಗೆ ಆ ಚೀಟಿ ತುಂಬ ಉಪಯೋಗಕ್ಕೆ ಬರುತ್ತದೆ.