ಹಣೆಯ ಸುಕ್ಕು ಹೇಳುವ ವಿಳಾಸ

ರೋಗಿಯ ಬಾಯಿ ಎಡಕ್ಕೆ ಸೊಟ್ಟಗಾಗಿದೆ, ಬಲಗೆನ್ನೆ ಜೋತುಬಿದ್ದಿದೆ. ಇದು ಮಿದುಳಿಗೆ ಬಡಿದ ಪಾರ್ಶ್ವವಾಯುವೋ, ಮುಖದ ನರವೊಂದರ ತೊಂದರೆಯೋ? ವೈದ್ಯ ವೃತ್ತಿಯ ಪರವಾನಗಿ ಪರೀಕ್ಷೆಗಳಲ್ಲಿ ಈ ಪ್ರಶ್ನೆ ವೇಷ ಬದಲಿಸಿಕೊಂಡು ಮತ್ತೆ ಮತ್ತೆ ಬರುತ್ತದೆ. ಉತ್ತರ ಇರುವುದು ಹಣೆಯಲ್ಲಿ.

ರೋಗಿಗೆ ಹುಬ್ಬು ಮೇಲೆತ್ತಲು ಹೇಳಿ ನೋಡಬೇಕು. ಬಲಗಡೆಯ ಹಣೆಯಲ್ಲೂ ಸುಕ್ಕು ಮೂಡದಿದ್ದರೆ, ಬಲಗಣ್ಣೂ ಪೂರ್ತಿ ಮುಚ್ಚದಿದ್ದರೆ, ಪೆಟ್ಟು ಬಿದ್ದಿರುವುದು ಮುಖದ ನರಕ್ಕೇ ಅಥವಾ ಅದು ಹುಟ್ಟುವ ಕೇಂದ್ರಕ್ಕೆ. ಕಾರಣವೇನೂ ಕಾಣದೆ ಹೀಗಾದರೆ ಅದು ಬೆಲ್ ಪಾಲ್ಸಿ, ಮಿದುಳಿನ ಪಾರ್ಶ್ವವಾಯುವಲ್ಲ. 72 ಗಂಟೆಗಳೊಳಗೆ ಸ್ಟಿರಾಯ್ಡ್ ಆರಂಭಿಸಿ, ಒಣಗದಂತೆ ಕಣ್ಣನ್ನು ಕಾಪಾಡಿದರೆ ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆ. ಬಾಯಿ ಸೊಟ್ಟಗಿದ್ದೂ ಹಣೆಯ ಎರಡೂ ಬದಿ ಸಲೀಸಾಗಿ ಸುಕ್ಕುಗಟ್ಟಿದರೆ ಗಾಬರಿಯಾಗಬೇಕು, ಪೆಟ್ಟು ಮಿದುಳಿಗೇ ಬಿದ್ದಿರಬಹುದು. ಹಣೆಯ ಸ್ನಾಯುಗಳಿಗೆ ಮಿದುಳಿನ ಎರಡೂ ಅರ್ಧಗೋಳಗಳಿಂದ ಆಜ್ಞೆ ಬರುತ್ತದೆ. ಎಡ ಅರ್ಧಗೋಳ ಸೋತರೂ ಬಲ ಅರ್ಧಗೋಳ ಹಣೆಯನ್ನು ನಡೆಸಿಕೊಂಡು ಹೋಗುತ್ತದೆ. ಬಾಯಿಯ ಸುತ್ತಲಿನ ಸ್ನಾಯುಗಳಿಗೆ ಆ ಭಾಗ್ಯ ಅಷ್ಟಾಗಿ ಇಲ್ಲ.

ಯಂತ್ರವಿಲ್ಲದೆ, ಅರ್ಧ ನಿಮಿಷದಲ್ಲಿ ಇಷ್ಟು ತಿಳಿಯುತ್ತದೆ. ಆದರೂ ವೈದ್ಯ ವಿದ್ಯಾರ್ಥಿಗಳಿಗೆ ನರರೋಗಗಳ ಅಧ್ಯಾಯವೆಂದರೆ ನಡುಕ. ಈ ಭಯಕ್ಕೆ ಅಮೆರಿಕದ ನರರೋಗ ತಜ್ಞ ರಾಲ್ಫ್ ಜೋಸೆಫೊವಿಚ್ 1994ರಲ್ಲಿ ‘ನ್ಯೂರೋಫೋಬಿಯಾ’ ಎಂದು ಹೆಸರನ್ನೇ ಇಟ್ಟುಬಿಟ್ಟರು. ಭಯದ ಅರ್ಧಪಾಲು ಓದುವ ಕ್ರಮದಿಂದ ಬಂದದ್ದು ಎಂಬುದು ನನ್ನ ಅನಿಸಿಕೆ. ಪರೀಕ್ಷೆ ಹತ್ತಿರ ಬಂದಂತೆ ಎಲ್ಲರೂ ಸಿಂಡ್ರೋಮ್‌ಗಳ ಹೆಸರುಗಳನ್ನು ಉರುಹೊಡೆಯುತ್ತಾರೆ, ಮಿದುಳಿನಿಂದ ನೇರವಾಗಿ ಹೊರಡುವ ಹನ್ನೆರಡು ಜೊತೆ ಕಪಾಲ ನರಗಳಿಗೆ ಪ್ರಾಸ ಕಟ್ಟುತ್ತಾರೆ. ಪ್ರಾಸ ನರದ ಹೆಸರನ್ನು ನೆನಪಿಸುತ್ತದೆ, ಅದು ಎಲ್ಲಿಂದ ಹೊರಡುತ್ತದೆ ಎಂಬುದನ್ನಲ್ಲ. ಪ್ರಶ್ನೆಪತ್ರಿಕೆಗೆ ಬೇಕಾದದ್ದು ಎರಡನೆಯದು.

ಬಾಯಿಪಾಠಕ್ಕೆ ಮುನ್ನ ಖಾಲಿ ಹಾಳೆಯ ಮೇಲೆ ಮೂರು ಗೆರೆ ಎಳೆಯುವುದು ಲೇಸು. ಮೊದಲನೆಯದು ಚಲನೆಯ ಆಜ್ಞೆಯ ದಾರಿ: ಮಿದುಳಿನ ತೊಗಟೆಯಿಂದ ಇಳಿದು, ಮಿದುಳು ಬೆನ್ನುಹುರಿಯನ್ನು ಕೂಡುವಲ್ಲಿರುವ ಮೆಡುಲ್ಲಾದ ಕೆಳತುದಿಯಲ್ಲಿ ಬಹುಪಾಲು ಎದುರು ಬದಿಗೆ ದಾಟುತ್ತದೆ. ಎರಡನೆಯದು ಕಂಪನ ಮತ್ತು ಕೀಲುಗಳ ಸ್ಥಾನದ ಅರಿವು: ಬೆನ್ನುಹುರಿಯಲ್ಲಿ ತಾನು ಹೊಕ್ಕ ಬದಿಯಲ್ಲೇ ಮೇಲೇರಿ, ಅದೂ ಮೆಡುಲ್ಲಾದಲ್ಲೇ ದಾಟುತ್ತದೆ. ಮೂರನೆಯದು ನೋವು ಮತ್ತು ಬಿಸಿ–ತಂಪಿನ ಅರಿವು. ಇದಕ್ಕೆ ತಾಳ್ಮೆಯಿಲ್ಲ, ಬೆನ್ನುಹುರಿಯನ್ನು ಹೊಕ್ಕ ಒಂದೆರಡು ಖಂಡಗಳೊಳಗೇ ಆಚೆ ಬದಿಗೆ ಹಾರಿಬಿಡುತ್ತದೆ.

ಈಗ ಎದೆಯ ಮಟ್ಟದಲ್ಲಿ ಬೆನ್ನುಹುರಿಯ ಬಲ ಅರ್ಧವನ್ನು ಮಾತ್ರ ಅಡ್ಡಗೆರೆಯಿಂದ ಕತ್ತರಿಸಿ ನೋಡಿ. ಬಲಗಾಲಿಗೆ ಬಲವಿಲ್ಲ, ಬಲಪಾದದ ಮೇಲಿಟ್ಟ ಶ್ರುತಿಕವೆಯ ಕಂಪನ ಗೊತ್ತಾಗುವುದಿಲ್ಲ, ಆದರೆ ಸೂಜಿ ಚುಚ್ಚಿದರೆ ನೋವು ತಿಳಿಯದಿರುವುದು ಎಡಗಾಲಿಗೆ! 19ನೆಯ ಶತಮಾನದ ಮಧ್ಯದಲ್ಲಿ ವೈದ್ಯ ಬ್ರೌನ್–ಸೆಕಾರ್ ವಿವರಿಸಿದ್ದು ಇದನ್ನೇ. ಗೆರೆ ಎಳೆದವರಿಗೆ ಆ ಹೆಸರು ಮರೆತುಹೋದರೂ ಉತ್ತರ ತಪ್ಪುವುದಿಲ್ಲ.

ಇನ್ನೊಂದು ಚಿತ್ರ 1895ರಲ್ಲಿ ಜರ್ಮನ್ ವೈದ್ಯ ಅಡಾಲ್ಫ್ ವಾಲೆನ್‌ಬರ್ಗ್ ಬರೆದಿಟ್ಟದ್ದು. ಇದ್ದಕ್ಕಿದ್ದಂತೆ ತಲೆ ತಿರುಗಿ ಬಿದ್ದ ರೋಗಿಗೆ ನುಂಗಲಾಗುತ್ತಿಲ್ಲ, ದನಿ ಒಡೆದಿದೆ. ಮುಖದ ಒಂದು ಬದಿಗೆ ನೋವಿನ ಅರಿವಿಲ್ಲ, ಮೈಯ ಎದುರು ಬದಿಗೂ ಇಲ್ಲ. ಮೊದಲ ನೋಟಕ್ಕೆ ಇದು ಅಸಂಬದ್ಧ. ಮೆಡುಲ್ಲಾದ ಪಕ್ಕದ ಭಾಗದಲ್ಲಿ ನಿಂತು ನೋಡಿದರೆ ಒಗಟು ಬಿಡುತ್ತದೆ: ಮೈಯಿಂದ ಬಂದ ನೋವಿನ ಎಳೆಗಳು ಅಲ್ಲಿಗೆ ಬರುವಷ್ಟರಲ್ಲಿ ಬದಿ ದಾಟಿಯಾಗಿದೆ, ಮುಖದವು ಇನ್ನೂ ದಾಟಿಲ್ಲ. ಕೈಕಾಲುಗಳ ಬಲ ಮಾತ್ರ ಹಾಗೇ ಇರುತ್ತದೆ, ಏಕೆಂದರೆ ಚಲನೆಯ ಎಳೆಗಳು ಮುಂಬದಿಯ ನಡುವೆ, ಬೇರೆ ರಕ್ತನಾಳದ ಆಶ್ರಯದಲ್ಲಿವೆ.

‘ಎಲ್ಲಿ’ ಎಂಬುದು ಗೊತ್ತಾದ ಮೇಲೆ ‘ಏನು’ ಎಂಬುದಕ್ಕೆ ಕಾಲವೇ ಸಾಕ್ಷಿ. ಕ್ಷಣಾರ್ಧದಲ್ಲಿ ಎರಗಿದ್ದು ಹೆಚ್ಚಾಗಿ ರಕ್ತನಾಳದ ತೊಂದರೆ ಅಥವಾ ಅಪಸ್ಮಾರ. ದಿನಗಳಲ್ಲಿ ಬೆಳೆದದ್ದು ಉರಿಯೂತ ಅಥವಾ ಸೋಂಕು. ತಿಂಗಳುಗಟ್ಟಲೆ ತೆವಳಿಕೊಂಡು ಬಂದದ್ದು ಗೆಡ್ಡೆ ಅಥವಾ ನರಕೋಶಗಳ ಸವೆತ. ಪಾದಗಳಿಂದ ಶುರುವಾದ ನಿಶ್ಶಕ್ತಿ ಕೆಲವೇ ದಿನಗಳಲ್ಲಿ ಮೇಲೇರುತ್ತಿದ್ದು, ಮಂಡಿಗೆ ತಟ್ಟಿದರೆ ಕಾಲು ಚಿಮ್ಮದಿದ್ದರೆ, ಮೈಯ ರೋಗನಿರೋಧಕ ಶಕ್ತಿಯೇ ನರಗಳ ಮೇಲೆ ಎರಗುವ ಗಿಯಾಂ–ಬಾರೆ ಸಿಂಡ್ರೋಮನ್ನು ನೆನೆಯಬೇಕು. ಕೂಡಲೇ ರೋಗಿ ಎಷ್ಟು ಉಸಿರು ಎಳೆದುಕೊಳ್ಳಬಲ್ಲ ಎಂದು ಅಳೆಯಬೇಕು. ರೋಗದ ಹೆಸರು ಗುರುತಿಸಿ ಈ ಅಳತೆಯನ್ನು ಮರೆತವರಿಗೆ ಅಂಕ ಸಿಗುವುದಿಲ್ಲ, ಸಿಗಲೂಬಾರದು.

ಕಣ್ಣನ್ನು ಹೊರಳಿಸುವ, ರೆಪ್ಪೆ ಎತ್ತುವ ಮೂರನೆಯ ಕಪಾಲ ನರದ ವಿಷಯವೂ ಇಂಥದೇ. ರೆಪ್ಪೆ ಜೋತುಬಿದ್ದು ಕಣ್ಣು ಹೊರಕ್ಕೆ, ಕೆಳಕ್ಕೆ ಸರಿದಿದ್ದರೆ ಪಾಪೆಯನ್ನು ನೋಡಬೇಕು. ಪಾಪೆಯನ್ನು ಕುಗ್ಗಿಸುವ ಎಳೆಗಳು ನರದ ಹೊರಮೈಯಲ್ಲಿರುವುದರಿಂದ ಹೊರಗಿನ ಒತ್ತಡಕ್ಕೆ ಅವೇ ಮೊದಲು ಸಿಕ್ಕಿಕೊಳ್ಳುತ್ತವೆ. ಅಗಲಗೊಂಡ ಪಾಪೆಯ ಹಿಂದೆ ಉಬ್ಬಿದ ರಕ್ತನಾಳ ಅಡಗಿರಬಹುದು. ಅದು ಯಾವಾಗ ಒಡೆಯುತ್ತದೋ ಹೇಳಲಾಗದು. ಮಧುಮೇಹ ನರದ ಒಳಭಾಗವನ್ನು ಕೆಡಿಸುವುದರಿಂದ ಅಲ್ಲಿ ಪಾಪೆ ಸಾಮಾನ್ಯವಾಗಿ ಉಳಿದುಕೊಳ್ಳುತ್ತದೆ.

ಗೆರೆಗಳ ಈ ತರ್ಕಕ್ಕೂ ಒಂದು ಕಡೆ ಮೋಸವಾಗುತ್ತದೆ. ರಕ್ತದಲ್ಲಿ ಗ್ಲೂಕೋಸ್ ತೀರಾ ಇಳಿದಾಗ ಒಂದು ಬದಿಯ ಕೈಕಾಲು ಸೋತು, ಮಾತು ನಿಂತು, ಥೇಟ್ ಪಾರ್ಶ್ವವಾಯುವಿನಂತೆಯೇ ಕಾಣಬಹುದು. ಪಾರ್ಶ್ವವಾಯುವಿನಲ್ಲಿ ರಕ್ತದ ಹೆಪ್ಪು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು, ರಕ್ತಸ್ರಾವವಿಲ್ಲವೆಂದು ಸ್ಕ್ಯಾನ್‌ನಲ್ಲಿ ಖಚಿತವಾಗಬೇಕು. ಎಷ್ಟೇ ಅವಸರವಿದ್ದರೂ ಪ್ರತಿಯೊಬ್ಬ ರೋಗಿಯಲ್ಲೂ ಆ ಔಷಧಕ್ಕೆ ಮುಂಚೆ ಫಲಿತಾಂಶ ಕೈಸೇರಲೇಬೇಕಾದ ರಕ್ತಪರೀಕ್ಷೆ ಒಂದೇ, ಬೆರಳು ಚುಚ್ಚಿ ನೋಡುವ ಗ್ಲೂಕೋಸ್.