ನನ್ನ ಚಿತ್ರದಲ್ಲಿ ನಾನೇ ಸುಳ್ಳು ಹೇಳಬಹುದಾ?

ಪ್ರಶ್ನೆ: ಕನ್ನಡಿ ಮುಂದೆ ಕೂತು, ಕೆಲವು ಸಲ ಫೋಟೋ ನೋಡಿಕೊಂಡು, ನನ್ನದೇ ಚಿತ್ರ ಬರೆಯುತ್ತಿದ್ದೇನೆ. ಕಣ್ಣಿನ ಕೆಳಗಿನ ಕಪ್ಪು ಬಿಟ್ಟು, ದಪ್ಪ ಮೂಗನ್ನು ಸ್ವಲ್ಪ ತೆಳ್ಳಗೆ ಮಾಡಿದರೆ ಅದು ಮೋಸವೇ?

ಉತ್ತರ: ನೀವು ಕುಂಚ ಹಿಡಿಯುವ ಮೊದಲೇ ಕನ್ನಡಿ ಒಂದು ಸುಳ್ಳು ಹೇಳಿಯಾಗಿದೆ. ಎಡ ಬಲವಾಗಿದೆ, ಬಲ ಎಡವಾಗಿದೆ. ಡಚ್ ಚಿತ್ರಕಾರ ವ್ಯಾನ್ ಗೋ ಕತ್ತರಿಸಿಕೊಂಡಿದ್ದು ಎಡಗಿವಿ. 1889ರ ಜನವರಿಯಲ್ಲಿ ಆತ ಬರೆದ ಚಿತ್ರದಲ್ಲಿ ಬ್ಯಾಂಡೇಜ್ ಇರುವುದು ಬಲಗಿವಿಗೆ! ಕನ್ನಡಿಯಲ್ಲಿ ಕಂಡಂತೆ ಬರೆದ, ಅಷ್ಟೆ. ಕಿವಿ ಅದಲುಬದಲಾಯಿತು ಅಂತ ಆತನನ್ನು ಯಾರೂ ಸುಳ್ಳುಗಾರ ಅನ್ನುವುದಿಲ್ಲ. ಬೇಕಿದ್ದರೆ ಆ ಹೊತ್ತು ಬ್ಯಾಂಡೇಜ್ ಕಾಣದ ಹಾಗೆ ಇನ್ನೊಂದು ಬದಿ ತಿರುಗಿ ಕೂರಬಹುದಿತ್ತು. ಕೂರಲಿಲ್ಲ ಅಲ್ವಾ, ನನಗೆ ಮುಖ್ಯ ಅನಿಸುವುದು ಅದು.

ಪೂರ್ತಿ ಸುಳ್ಳೇ ಆದ ಒಂದು ಚಿತ್ರವೂ ಇದೆ. ಫ್ರಾನ್ಸಿನ ಇಪೊಲಿತ್ ಬಯಾರ್ ಕಾಗದದ ಮೇಲೆ ಫೋಟೋ ಮೂಡಿಸುವ ತನ್ನದೇ ವಿಧಾನ ಕಂಡುಹಿಡಿದಿದ್ದ. ಹೆಸರು ಮಾತ್ರ ಫೋಟೋ ತೆಗೆಯುವ ಇನ್ನೊಂದು ವಿಧಾನ ಕಂಡುಹಿಡಿದಿದ್ದ ದಾಗೇರ್ ಪಾಲಾಯಿತು. 1840ರಲ್ಲಿ ಬಯಾರ್ ನೀರಿಗೆ ಬಿದ್ದು ಸತ್ತ ಹೆಣದ ಹಾಗೆ ಒರಗಿ ಕೂತು ತನ್ನ ಫೋಟೋ ತೆಗೆದ. ಫೋಟೋದ ಹಿಂಬದಿಯಲ್ಲಿ ತನ್ನ ಸಾವಿನ ಕಥೆಯನ್ನೂ ಬರೆದ. ಆಮೇಲೆ ನಲವತ್ತು ವರ್ಷಕ್ಕೂ ಜಾಸ್ತಿ ಬದುಕಿದ್ದ, ಬಿಡಿ. ಸಾವು ಸುಳ್ಳು, ಸಂಕಟ ನಿಜ.

ಮೆಕ್ಸಿಕೋದ ಚಿತ್ರಕಲಾವಿದೆ ಫ್ರೀಡಾ ಕಾಲೋದು ಇದಕ್ಕೆ ತಿರುಗುಮುರುಗು. ಹುಟ್ಟಿದ್ದು 1907, ಆಕೆ ಹೇಳಿಕೊಳ್ಳುತ್ತಿದ್ದದ್ದು 1910. ಬಾಯಲ್ಲಿ ಮೂರು ವರ್ಷ ಕಳೆದವಳು ಚಿತ್ರದಲ್ಲಿ ಮಾತ್ರ ಕೂಡುಹುಬ್ಬನ್ನೂ ಮೇಲ್ತುಟಿಯ ಕೂದಲನ್ನೂ ಬಿಡಲಿಲ್ಲ.

‘ಸ್ವಭಾವಚಿತ್ರ’ ಅಂತ ಕೂಡಿಸಿ ಬರೆದು ನೋಡಿ. ನನ್ನ ಭಾವಚಿತ್ರ ಅಂತಲೂ ಬಿಡಿಸಬಹುದು, ನನ್ನ ಸ್ವಭಾವದ ಚಿತ್ರ ಅಂತಲೂ ಬಿಡಿಸಬಹುದು. ನನಗೆ ಎರಡನೆಯದೇ ಇಷ್ಟ. ಹಾಗೆ ನೋಡಿದರೆ ಮೂಗು ಒಂದೆಳೆ ತೆಳ್ಳಗಾದರೆ ನನ್ನ ತಕರಾರಿಲ್ಲ. ಕಣ್ಣಿನ ಕೆಳಗಿನ ಕಪ್ಪು ಬೇರೆ ಮಾತು. ಅದು ನಿದ್ದೆಯಿಲ್ಲದ ರಾತ್ರಿಗಳದ್ದಾದರೆ, ಅದನ್ನು ಅಳಿಸಿದಾಗ ಆ ರಾತ್ರಿಗಳೂ ಹೋಗುತ್ತವೆ. ಒಂದು ಚಿತ್ರದಲ್ಲಿ ಇಟ್ಟು, ಇನ್ನೊಂದರಲ್ಲಿ ಬಿಟ್ಟು, ಎರಡನ್ನೂ ಪಕ್ಕದಲ್ಲಿಟ್ಟು ನೋಡಿ. ಯಾವುದು ನೀವು ಅಂತ ನಿಮಗೇ ಗೊತ್ತಾಗುತ್ತದೆ.

ಅಂದಹಾಗೆ, ನಿಮ್ಮ ಮೂಗು ದಪ್ಪ ಅಂತ ಹೇಳಿದ್ದು ಕನ್ನಡಿಯೋ, ಫೋಟೋನೋ? ಕೈ ಚಾಚಿ ಹತ್ತಿರದಿಂದ ತೆಗೆದ ಸೆಲ್ಫಿಯಲ್ಲಿ ಯಾರ ಮೂಗಾದರೂ ಇದ್ದದ್ದಕ್ಕಿಂತ ದೊಡ್ಡದಾಗಿಯೇ ಬರುತ್ತದೆ.