ಬಿಗ್ ಓ ಅಂದ್ರೆ ಏನು? 'ಸಿ ಫಾಸ್ಟಾ, ಪೈಥಾನ್ ಫಾಸ್ಟಾ' ಅನ್ನುವವರಿಗೆ

ಪಿಯುಸಿ ಮುಗಿಸಿ, ಸಿಇಟಿ ಬರೆದು, ಬೆಂಗಳೂರಿನ ಯಾವುದೋ ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಸೀಟು ಹಿಡಿದವರು ಸಾಮಾನ್ಯವಾಗಿ ಮೊದಲು ಕೇಳುವುದು ಇದನ್ನೇ: ಸಿ ಕಲೀಲಾ, ಪೈಥಾನ್ ಕಲೀಲಾ, ಯಾವುದು ಫಾಸ್ಟ್? ಸಿ ಫಾಸ್ಟ್, ಅದರಲ್ಲಿ ಅನುಮಾನ ಇಲ್ಲ. ಆದರೆ ಪ್ರೋಗ್ರಾಂ ತೆವಳೋಕೆ ಶುರು ಮಾಡಿದರೆ ಬಹಳ ಸಲ ಕಾರಣ ಲ್ಯಾಂಗ್ವೇಜ್ ಆಗಿರುವುದಿಲ್ಲ, ನೀವು ಆರಿಸಿಕೊಂಡ ದಾರಿ ಆಗಿರುತ್ತದೆ. ಆ ದಾರಿಯನ್ನು ಅಳೆಯುವ ಅಳತೆಯೇ ಬಿಗ್ ಓ.

ಇದು ಎಷ್ಟು ಸೆಕೆಂಡ್ ಹಿಡಿಯುತ್ತದೆ ಅಂತ ಹೇಳುವುದಿಲ್ಲ. ಡೇಟಾ ಜಾಸ್ತಿ ಆದ ಹಾಗೆ ಕೆಲಸ ಯಾವ ರೀತಿ ಬೆಳೆಯುತ್ತದೆ ಅಂತ ಹೇಳುತ್ತದೆ.

ಒಂದು ಉದಾಹರಣೆ ನೋಡೋಣ. ರಿಜಿಸ್ಟರ್ ನಂಬರ್‌ಗಳ ಒಂದು ಲಿಸ್ಟ್ ಇದೆ, ಅದರಲ್ಲಿ ಯಾವುದಾದರೂ ನಂಬರ್ ಎರಡು ಸಲ ಬಂದಿದೆಯಾ ಅಂತ ನೋಡಬೇಕು. ಲ್ಯಾಬ್‌ನಲ್ಲಿ ಥಟ್ಟನೆ ಹೊಳೆಯುವುದು ಲೂಪ್ (ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಕೋಡ್) ಒಳಗೆ ಲೂಪ್: ಹೊರಗಿನದು ಒಂದೊಂದೇ ನಂಬರ್ ಎತ್ತಿಕೊಳ್ಳುತ್ತದೆ, ಒಳಗಿನದು ಅದನ್ನು ಇಡೀ ಲಿಸ್ಟ್ ಜೊತೆ ಹೋಲಿಸುತ್ತದೆ. ಕ್ಲಾಸಿನ 60 ಜನಕ್ಕೆ 3,600 ಹೋಲಿಕೆ. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ, ಹಾಗಾಗಿ ಎಲ್ಲಾ ಸರಿ ಇದೆ ಅನ್ನಿಸುತ್ತದೆ. ಅದೇ ಕೋಡ್‌ಗೆ 10 ಲಕ್ಷ ನಂಬರ್ ಕೊಡಿ. 1 ಲಕ್ಷ ಕೋಟಿ ಹೋಲಿಕೆ! ಸಿಯಲ್ಲೇ ಬರೆದು, ಸೆಕೆಂಡಿಗೆ 10 ಕೋಟಿ ಹೋಲಿಕೆ ಮಾಡುತ್ತದೆ ಅಂತ ಇಟ್ಟುಕೊಂಡರೂ 10,000 ಸೆಕೆಂಡ್, ಅಂದರೆ ಎರಡೂ ಮುಕ್ಕಾಲು ಗಂಟೆಗಿಂತ ಜಾಸ್ತಿ. ಇದು ಓ ಆಫ್ ಎನ್ ಸ್ಕ್ವೇರ್: ಎನ್ ಅಂದರೆ ಡೇಟಾ ಎಷ್ಟಿದೆ ಅನ್ನುವ ಸಂಖ್ಯೆ, ಕೆಲಸ ಅದರ ವರ್ಗದ ಹಾಗೆ ಬೆಳೆಯುತ್ತದೆ.

ಈಗ ಪೈಥಾನ್‌ನಲ್ಲಿ ಒಂದು ಸೆಟ್ ಇಟ್ಟುಕೊಳ್ಳಿ. ನಂಬರ್ ಬಂದಾಗ ಸೆಟ್‌ನಲ್ಲಿ ಇದೆಯಾ ಅಂತ ಕೇಳಿ, ಇಲ್ಲದಿದ್ದರೆ ಒಳಗೆ ಹಾಕಿ, ಮುಂದಿನದಕ್ಕೆ ಹೋಗಿ. ಸೆಟ್ ಒಳಗೆ ಹ್ಯಾಶ್ ಟೇಬಲ್ (ನಂಬರ್‌ನಿಂದಲೇ ಅದರ ಜಾಗವನ್ನು ಲೆಕ್ಕ ಹಾಕಿ ಇಡುವ ವ್ಯವಸ್ಥೆ) ಇರುವುದರಿಂದ ಅದರಲ್ಲಿ ಎಷ್ಟೇ ನಂಬರ್ ಇದ್ದರೂ ಹುಡುಕಾಟ ಸಾಮಾನ್ಯವಾಗಿ ಒಂದೆರಡು ಹೆಜ್ಜೆಯಲ್ಲೇ ಮುಗಿಯುತ್ತದೆ. ಒಟ್ಟು ಕೆಲಸ 10 ಲಕ್ಷ ಸಲ ಅಷ್ಟೇ. ಇದು ಓ ಆಫ್ ಎನ್. ಪೈಥಾನ್ 50 ಪಟ್ಟು ನಿಧಾನ ಅಂತಲೇ ಲೆಕ್ಕ ಹಾಕಿ, ಆಗಲೂ ಅರ್ಧ ಸೆಕೆಂಡು. ಅಂದರೆ ಸಿಯಲ್ಲಿ ಬರೆದ ಆ ಎರಡು ಲೂಪ್‌ಗಳು ಇನ್ನೂ ಗಂಟೆಗಟ್ಟಲೆ ಓಡುತ್ತಿರುವಾಗ ಪೈಥಾನ್ ಉತ್ತರ ಕೊಟ್ಟಾಗಿರುತ್ತದೆ. ಸೆಟ್‌ಗೆ ಮೆಮೊರಿ ಜಾಸ್ತಿ ಬೇಕು, ಅದು ಅದರ ಬೆಲೆ. ಸಿಯಲ್ಲೂ ಹ್ಯಾಶ್ ಟೇಬಲ್ ಬರೆದರೆ ಸಿ ಮತ್ತೆ ಮುಂದೆ ಹೋಗುತ್ತದೆ, ನಿಜ. ಆದರೆ ದೊಡ್ಡ ವ್ಯತ್ಯಾಸ ತಂದದ್ದು ಯಾವುದು ಅಂತ ಗೊತ್ತಾಯ್ತಲ್ವಾ?

ಇನ್ನು ಓ ಆಫ್ ಲಾಗ್ ಎನ್. ಲಿಸ್ಟ್ ಕ್ರಮದಲ್ಲಿದ್ದರೆ ನಡುವಿನ ನಂಬರ್ ನೋಡಿ ಅರ್ಧ ಲಿಸ್ಟ್ ಬಿಟ್ಟುಬಿಡಬಹುದು, ಮತ್ತೆ ಅರ್ಧ, ಮತ್ತೆ ಅರ್ಧ. 10 ಲಕ್ಷದಲ್ಲಿ ಒಂದನ್ನು ಹುಡುಕೋಕೆ ಹೆಚ್ಚೆಂದರೆ 20 ಸಲ ನೋಡಿದರೆ ಸಾಕು. ಲಿಸ್ಟ್ 20 ಲಕ್ಷಕ್ಕೆ ಏರಿದರೆ 21.

'ನನ್ನ ಲ್ಯಾಪ್‌ಟಾಪ್ ಒಳ್ಳೆಯದಿದೆ, ಇದೆಲ್ಲ ಯಾಕೆ?' ಅನ್ನುವವರಿಗೆ ಉತ್ತರ ಇನ್ನೊಂದು ತುದಿಯಲ್ಲಿದೆ. 30 ವಸ್ತುಗಳಲ್ಲಿ ಯಾವ್ಯಾವುದನ್ನು ಆರಿಸಬೇಕು ಅಂತ ಎಲ್ಲಾ ಆಯ್ಕೆಗಳನ್ನೂ ನೋಡುತ್ತಾ ಹೋದರೆ 2ರ ಘಾತ 30, ಸುಮಾರು 107 ಕೋಟಿ ಆಯ್ಕೆ. ಸೆಕೆಂಡಿಗೆ 10 ಕೋಟಿಯ ಅದೇ ವೇಗದಲ್ಲಿ 11 ಸೆಕೆಂಡು. ವಸ್ತು 60 ಆದರೆ ಸುಮಾರು 365 ವರ್ಷ! ಹತ್ತು ಪಟ್ಟು ವೇಗದ ಯಂತ್ರ ತಂದರೂ 36 ವರ್ಷ.

ಈ 'ಓ' ಬಂದದ್ದು ಗಣಿತದಿಂದ. ಜರ್ಮನಿಯ ಪೌಲ್ ಬಾಖ್‌ಮನ್ 1894ರಲ್ಲಿ ಸಂಖ್ಯಾ ಸಿದ್ಧಾಂತಕ್ಕೆ (ನಂಬರ್ ಥಿಯರಿ) ಬಳಸಿದರು, 1976ರಲ್ಲಿ ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ಡೊನಾಲ್ಡ್ ಕನೂತ್ ಕಂಪ್ಯೂಟರ್ ಸೈನ್ಸ್‌ನವರು ಇದನ್ನು ಹೇಗೆ ಬಳಸಬೇಕು ಅಂತ ಬರೆದರು.

ಹಾಗಂತ ಬಿಗ್ ಓ ಒಂದನ್ನೇ ನಂಬಬೇಡಿ. ಅದು ದೊಡ್ಡ ಡೇಟಾದ ಮಾತು. ಟಿಮ್ ಪೀಟರ್ಸ್ 2002ರಲ್ಲಿ ಪೈಥಾನ್‌ಗಾಗಿ ಬರೆದ ಟಿಮ್‌ಸಾರ್ಟ್ (ಲಿಸ್ಟನ್ನು ಕ್ರಮದಲ್ಲಿ ಜೋಡಿಸುವ ವಿಧಾನ) ಕೂಡ ಚಿಕ್ಕ ತುಣುಕುಗಳಿಗೆ ಇನ್ಸರ್ಶನ್ ಸಾರ್ಟನ್ನೇ, ಅಂದರೆ ಒಂದೊಂದನ್ನೇ ಎತ್ತಿ ಸರಿಯಾದ ಜಾಗದಲ್ಲಿ ತೂರಿಸುವ ವಿಧಾನವನ್ನೇ ಬಳಸುತ್ತದೆ. ಪುಸ್ತಕದ ಪ್ರಕಾರ ಅದು ಎನ್ ಸ್ಕ್ವೇರ್, ಆದರೆ ಅಷ್ಟು ಚಿಕ್ಕದಕ್ಕೆ ಅದೇ ಬೇಗ.

ಇದಕ್ಕೆಲ್ಲ ಗಣಿತ ಎಷ್ಟು ಬೇಕು? ಶುರು ಮಾಡೋಕೆ ಲಾಗರಿದಮ್, ಘಾತ, ಒಂದಿಷ್ಟು ಕೂಡೋ ಲೆಕ್ಕ. ಪಿಯುಸಿ ಓದಿದವರಿಗೆ ಅದು ಇದ್ದೇ ಇರುತ್ತದೆ. ಮುಂದಿನ ಸಲ ಲ್ಯಾಬ್‌ನಲ್ಲಿ ಕೋಡ್ ಓಡಿದ ತಕ್ಷಣ ಎದ್ದು ಹೋಗಬೇಡಿ. ಸಾವಿರ ಸಾಲಿನ ಡೇಟಾ ಕೊಟ್ಟು ಸಮಯ ನೋಡಿ, ಆಮೇಲೆ ಎರಡು ಸಾವಿರ ಕೊಡಿ. ಸಮಯ ಎರಡು ಪಟ್ಟಾಯ್ತಾ, ನಾಲ್ಕು ಪಟ್ಟಾಯ್ತಾ ಅಂತ ಬರೆದಿಟ್ಟುಕೊಳ್ಳಿ.